ಬಡತನದ ದಾಖಲೆಗೊಂದು ಲಾಟರಿ ಟಿಕೆಟು

೧೯೮೫ರ ಶ್ರಾವಣದ ಮೊದಲ ಮಂಗಳವಾರ ಬೇವೂರಿನ ಗೌರವ್ವ, ತಾನು ಬಡವಿ ಎಂದು ಬರೆಸಿಕೊಳ್ಳಲು ಬಾಗಲಕೋಟೆಯ ಒಂದು ಸರಕಾರಿ ಕಚೇರಿಗೆ ಹೋಗಿ, ಲಕ್ಷ ರೂಪಾಯಿ ಬಹುಮಾನದ ಲಾಟರಿ ಟಿಕೆಟು ಹಿಡಿದು ಹೊರಬಂದಳು. ಯಾವ ಕಚೇರಿ ಎಂದು ಹೇಳುವುದಿಲ್ಲ. ನನಗೂ ಅಲ್ಲಿ ಕೆಲಸ ಬೀಳುತ್ತದೆ. ನಾನು ಪತ್ರಿಕೆಯೊಂದರ ಊರ ವರದಿಗಾರ. ಕಂಡದ್ದನ್ನು ಬರೆ, ಸಿಟ್ಟನ್ನು ನಮಗೆ ಬಿಡು ಎಂದು ಸಂಪಾದಕರು ಮೊದಲ ದಿನವೇ ಹೇಳಿದ್ದರು. ಅಂದು ತಡೆಯಲಾಗಲಿಲ್ಲ.

ವಿಧವಾ ವೇತನಕ್ಕೆ ಆದಾಯವಿಲ್ಲವೆಂಬ ದಾಖಲೆ ಬೇಕು. ದಾಖಲೆ ಬರೆಯುವ ಗುಮಾಸ್ತನಿಗೆ ಮೇಲಿನವರು ಮಾರಲೆಂದು ಸರಕಾರದ ಲಾಟರಿಯ ಒಂದು ಕಟ್ಟು ಟಿಕೆಟು ಕೊಟ್ಟಿದ್ದರು. ಅರ್ಜಿ ಇಸಿದುಕೊಂಡವನೇ ಅವನು ಒಂದನ್ನು ಹರಿದು ಗೌರವ್ವನ ಕೈಗಿಟ್ಟಿದ್ದ. ಬಸ್ಸಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ರೂಪಾಯಿ ಅದಕ್ಕೆ ಹೋಯಿತು.

"ಇದೇನ್ರಿ ಇದು?" ಎಂದು ಅಲ್ಲೇ ನಿಂತಿದ್ದ ನಾನು ಗುಮಾಸ್ತನನ್ನು ಕೇಳಿದೆ.

"ಸರಕಾರಕ್ಕ ರೊಕ್ಕ ಬೇಕಲ್ರಿ. ಸಾಲಿ, ದವಾಖಾನಿ ಎಲ್ಲಾ ಇದರಾಗ ಕಟ್ತಾರ."

"ಅದಕ್ಕ ಈಕೀನ ಬೇಕಾಗಿತ್ತೇನ್ರಿ? ಸಾಹುಕಾರರಿಗೆ ಮಾರ್ರಿ."

"ಅವರು ತೊಗೊಳ್ಳೂದಿಲ್ರಿ. ಭಾಳ ಶಾಣ್ಯಾ ಮಂದಿ."

ಓಣಿಯಲ್ಲಿ ಇಸ್ಪೀಟು ಆಡಿದವರನ್ನು ಠಾಣೆಗೆ ಒಯ್ಯುವ ಸರಕಾರ ತಾನೇ ಮೇಜು ಹಾಕಿ ಕೂತರೆ ಅದರ ಹೆಸರು ವರಮಾನ! ಉಳ್ಳವರ ಮೇಲೆ ತೆರಿಗೆ ಹಾಕಲು ಧೈರ್ಯ ಬೇಕು. ಇಲ್ಲದವರಿಗೆ ಆಸೆ ಮಾರಲು ಒಂದು ರಬ್ಬರ್ ಮುದ್ರೆ ಸಾಕು.

ಮೆಟ್ಟಿಲ ಮೇಲೆ ಕೂತಿದ್ದ ಗೌರವ್ವನ ಚಿಂತೆಯೇ ಬೇರೆ. "ತಮ್ಮಾ, ಇದಕ್ಕ ಲಕ್ಷ ಹತ್ತಿದ್ರ ನನ್ನ ಪಗಾರ ಬಂದ್ ಮಾಡ್ತಾರೇನೋ?"

"ಹತ್ತೂದಿಲ್ಲ ಬಿಡಬೇ ಯವ್ವಾ."

"ಹತ್ತೂದಿಲ್ಲಂದ್ರ ಯಾಕ ಮಾರ್ತಾರ? ನನಗ ಬ್ಯಾಡಪಾ. ತಿಂಗಳಾ ಬರೂದು ಬಂದ್ರ ಸಾಕು. ಲಕ್ಷಾಧೀಶ ನೀನ ಆಗು." ಟಿಕೆಟನ್ನು ನನ್ನ ಕಿಸೆಗೆ ತುರುಕಿದಳು. ನಾನು ಬಸ್ಸಿಗೆಂದು ಕೊಟ್ಟ ರೂಪಾಯಿ ಸೆರಗಿಗೆ ಕಟ್ಟಿಕೊಂಡು ಎದ್ದಳು. ಲೆಕ್ಕ ಹಾಕಿದರೆ, ಟಿಕೆಟು ಕೊಂಡವನು ನಾನೇ.

ಅಂದೇ ಲೇಖನ ಬರೆದು ಕಳಿಸಿದೆ. ಅಷ್ಟು ಖಾರ ನಾನೆಂದೂ ಬರೆದಿರಲಿಲ್ಲ. ಹದಿನೈದು ದಿನ ಕಾದರೂ ಬರಲಿಲ್ಲ. ಟ್ರಂಕ್ ಕಾಲ್ ಮಾಡಿದಾಗ ಸಂಪಾದಕರು, "ನಾಳೆಯ ಪತ್ರಿಕೆಗೆ ಹಾಕಿದ್ದೇವೆ, ನೋಡು" ಎಂದರು. ಮರುದಿನ ಬಿಡಿಸಿ ನೋಡಿದರೆ ಲೇಖನ ಬರಬೇಕಿದ್ದ ಪುಟದ ತುಂಬ ಲಾಟರಿ ಫಲಿತಾಂಶ. ಅದು ಕೊನೆಗಳಿಗೆಯಲ್ಲಿ ಬಂತು, ನಿನ್ನ ಲೇಖನಕ್ಕೆ ಜಾಗ ಸಾಲಲಿಲ್ಲ ಎಂದು ಸಂಪಾದಕರು ಆಮೇಲೆ ಹೇಳಿದರು.

ಚಹಾ ತಂದ ಹೆಂಡತಿ ಕೇಳಿದಳು, "ಹತ್ತಿತೇನ್ರಿ?"

"ನನ್ನ ಲೇಖನ ಹುಡುಕಾಕತ್ತೇನಿ."

"ಬೆರಳು ನಂಬರಿನ ಮ್ಯಾಲ ಐತಲ್ರಿ!"

ನಂಬರು ಹತ್ತಿರಲಿಲ್ಲ, ಎರಡು ಸಲ ನೋಡಿದೆ. ಗೌರವ್ವನ ಅರ್ಜಿ ಹಿಂದಿನ ದಿನ ಸಂಜೆ ನಾನು ಹೋದಾಗಲೂ ಗುಮಾಸ್ತನ ಮೇಜಿನ ಮೇಲೇ ಇತ್ತು, ಹೊಸ ಟಿಕೆಟುಗಳ ಕಟ್ಟಿನ ಕೆಳಗೆ.