ಖಾಲಿ ಹೋಗದ ಕೊಪ್ಪರಿಗೆ

ಮನೆಯಲ್ಲಿ ಬಳಸದೆ ಬಿದ್ದ ಸಾಮಾನಿನಿಂದ ನಾಲ್ಕು ಕಾಸು ಹುಟ್ಟಿಸಬಹುದು ಎಂದು, ಮೊಬೈಲು ತೆರೆದರೆ ಸಾಕು, ಯಾರಾದರೊಬ್ಬರು ಹೇಳುತ್ತಿರುತ್ತಾರೆ. ಸುಳ್ಳೇನಲ್ಲ. ಆದರೆ ಅವರು ಸಾಮಾನಿನ ವಿಷಯ ಹೇಳುತ್ತಾರೆಯೇ ಹೊರತು ಸಾಮಾನಿನ ಒಡತಿಯ ಸ್ವಭಾವದ ವಿಷಯ ಹೇಳುವುದಿಲ್ಲ. ಹೊಸ್ತಿಲು ಪೂಜೆ ಮಾಡದೆ ಕಾಫಿ ಕುಡಿಯದ ನನ್ನಂಥವಳು ವ್ಯಾಪಾರಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ನಾನೇ ಹೇಳಬೇಕು.

ರಾಯಚೂರಿನ ನಮ್ಮ ಮನೆಯಲ್ಲಿ ತಲಬಾಗಿಲಿಗೆ ಹತ್ತಿದ ಒಂದು ಕೋಣೆಯಿದೆ. ಬೇಸಿಗೆಯಲ್ಲಿ ಊರೆಲ್ಲ ರೊಟ್ಟಿಯ ಹಂಚಿನಂತೆ ಕಾದಾಗಲೂ ಅದೊಂದು ತಣ್ಣಗಿರುತ್ತದೆ. ಅಂಥ ಕೋಣೆಯಲ್ಲಿ ನಾವು ಮಲಗದೆ ಮುರಿದ ಕುರ್ಚಿ, ಕೆಟ್ಟ ಕೂಲರು, ಕಾಲು ಹೋದ ಮಂಚ ಇವುಗಳನ್ನು ಮಲಗಿಸಿದ್ದೆವು. ನಡುವೆ ನಮ್ಮ ಅತ್ತೆಯವರ ತಾಮ್ರದ ಕೊಪ್ಪರಿಗೆ. ಅವರ ತವರು ಮಾನ್ವಿಯಿಂದ ಬಂಡಿಯ ಮೇಲೆ ಬಂದದ್ದು. ಆರಾಧನೆಯ ದಿನ ಅದರಲ್ಲಿ ಅನ್ನ ಬೆಂದರೆ ಓಣಿಗೆ ಓಣಿಯೇ ಉಂಡು ಹೋಗುತ್ತಿತ್ತು. ಅತ್ತೆ ಹೋದ ಮೇಲೆ ವರ್ಷಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲು ತೋರಿಸಿ, ಮತ್ತೆ ಬೋರಲು ಹಾಕುವುದಷ್ಟೇ ನನ್ನ ಪಾಲಿನ ಸೇವೆ.

ದಸರೆ ಮುಗಿದ ಮೇಲೆ ನಮ್ಮನೆಯವರು ಆ ಕೋಣೆಯ ಬಾಗಿಲಲ್ಲಿ ನಿಂತು, "ಸಿರವಾರದಾಕಿ ಒಬ್ಬಾಕಿ ಟೀಚರು ಸಂಕ್ರಾಂತಿಗೆ ಈ ಊರಿಗೆ ಬರ್ತಾಳಂತ. ಇದನ್ನ ಖಾಲಿ ಮಾಡಿ ಕೊಟ್ರ ತಿಂಗಳಾ ಬಾಡಿಗಿ ಬರ್ತದ. ಗುಜರಿಯವನನ್ನ ಕರಸ್ತೀನಿ" ಎಂದರು.

"ಕರಸ್ರಿ. ಕೂಲರ್ ಕೊಡ್ರಿ, ಮಂಚ ಕೊಡ್ರಿ. ಕೊಪ್ಪರಿಗಿ ಮಾತ್ರ ಮುಟ್ಟಬ್ಯಾಡ್ರಿ."

"ಅದಕ್ಕೇ ತೂಕ ಬರೋದು!"

"ನಿಮ್ಮವ್ವನ್ನ ತಕ್ಕಡಿಗೆ ಹಾಕ್ತೀರೇನು?"

ಅವರು ಬೋರಲು ಬಿದ್ದ ಕೊಪ್ಪರಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ, "ಆತು, ಅದೂ ದುಡೀಲಿ. ಮದುವಿ ಮುಂಜಿವಿಗೆ ಬಾಡಿಗಿಗೆ ಬಿಡು. ಸಂಕ್ರಾಂತಿ ತನಕ ತನ್ನ ಜಾಗದ ಬಾಡಿಗಿ ತಾನು ದುಡಿದ್ರ ಇರ್ಲಿ. ಇಲ್ಲಾ ಅಂದ್ರ ಗುಜರಿ" ಎಂದು ತೀರ್ಪು ಕೊಟ್ಟರು. ನಾನೂ ಹೂಂ ಎಂದೆ. ಪಂಚಾಂಗವನ್ನು ಬಾಯಿಪಾಠ ಮಾಡಿಕೊಂಡವಳು ನಾನು. ಸಂಕ್ರಾಂತಿಯ ಹಿಂದೆ ಧನುರ್ಮಾಸವಿದೆ, ಧನುರ್ಮಾಸದಲ್ಲಿ ಮದುವೆಗಳೇ ಇಲ್ಲ ಎಂಬುದು ಹೂಂ ಎಂದ ಮೇಲೆ ನೆನಪಾಯಿತು.

ಮೊದಲ ಗಿರಾಕಿ ಹಿಂದಿನ ಓಣಿಯ ಶಾರದಾಬಾಯಿ. ಗೃಹಪ್ರವೇಶಕ್ಕೆ ಬೇಕೆಂದು ಬಾಡಿಗೆಯನ್ನು ಮುಂಗಡವಾಗಿಯೇ ಕೈಯಲ್ಲಿಟ್ಟರು. ನನಗೆ ಹಿಗ್ಗೋ ಹಿಗ್ಗು. ಆದರೆ ಪಾತ್ರೆಯನ್ನು ಹೊಸ್ತಿಲು ದಾಟಿಸುವಾಗ ಕೈ ತಡೆಯಿತು. ಖಾಲಿ ಪಾತ್ರೆ ಮನೆಯಿಂದ ಹೊರಗೆ ಹೋಗಬಾರದಲ್ಲ! ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ ಹಾಕಿ, ಅರಿಶಿನ ಕುಂಕುಮ ಹಚ್ಚಿ ಕಳಿಸಿದೆ. ಇಷ್ಟು ಮಾಡಿದವಳನ್ನು ಅವರು ಊಟಕ್ಕೆ ಕರೆಯದೆ ಬಿಟ್ಟಾರೆಯೇ? ಕರೆದ ಮೇಲೆ ನಾನು ಬರಿಗೈಯಲ್ಲಿ ಹೋದೇನೆಯೇ? ತೆಂಗಿನಕಾಯಿ, ಹಣ್ಣು, ಕುಬಸದ ಕಣ ತೆಗೆದುಕೊಂಡು ಹೋಗಿ ಉಂಡು ಬಂದೆ. ನಮ್ಮನೆಯವರು ಎಲ್ಲವನ್ನೂ ನೋಡಿ, "ಈಗ ಯಾರು ಯಾರಿಗೆ ಬಾಡಿಗಿ ಕೊಟ್ಟಂಗಾತು?" ಎಂದು ಕೇಳಿದರು. ವ್ಯಾಪಾರದಲ್ಲಿ ಮೊದಮೊದಲು ಹೀಗೇ ಆಗುತ್ತದೆ ಎಂದು ಹೇಳಿದೆ. ಕೊಪ್ಪರಿಗೆಯೂ ಖಾಲಿ ಬರದೆ, ಅವರಿಂದ ಹಿಡಿ ಸಕ್ಕರೆ ಹಾಕಿಸಿಕೊಂಡು ಸುಖವಾಗಿ ಮನೆಗೆ ಬಂತು. ಅದೂ ಒಂದು ಭಾಗ್ಯವೇ.

ಎರಡನೆಯ ಗಿರಾಕಿ ನಮ್ಮನೆಯವರ ಕಚೇರಿಯ ಶಿವಪ್ಪ. ದೇವದುರ್ಗದಲ್ಲಿ ಅವರ ಮಗಳ ಮದುವೆ. ಬಾಡಿಗೆಯನ್ನು ಪಾತ್ರೆ ವಾಪಸು ಬರುವಾಗ ಕೊಡುವುದು ಎಂದು ಮಾತಾಯಿತು. ನನಗೆ ಜ್ವರ ಬಂದು ಮದುವೆಗೆ ಹೋಗಲಾಗಲಿಲ್ಲ. ಮದುವೆ ಮುಗಿಯಿತು, ಧನುರ್ಮಾಸ ಹಿಡಿಯಿತು, ಕೊಪ್ಪರಿಗೆ ಬರಲಿಲ್ಲ. ದೇವದುರ್ಗದ ಮನೆಗೆ ಫೋನು ಮಾಡಿದರೆ ಶಿವಪ್ಪನ ತಾಯಿ ಎತ್ತುತ್ತಿದ್ದರು. "ಇವತ್ತ ಕಳಸ್ತಿದ್ದೆ ಯವ್ವಾ, ಆದ್ರ..." ಎನ್ನುವುದರೊಳಗೆ ನಾನೇ, "ಬ್ಯಾಡ್ರಿ, ಇವತ್ತು ಶುಕ್ರವಾರ" ಎನ್ನುತ್ತಿದ್ದೆ. ಮುಂದಿನ ಸಲ ಮಂಗಳವಾರ, ಅದರ ಮುಂದೆ ಅಮಾವಾಸ್ಯೆ. ಸಾಲ ಕೊಟ್ಟವಳೇ ಸಾಲಗಾರನಿಗೆ ನೆಪ ಹುಡುಕಿ ಕೊಟ್ಟಂತೆ. ನಮ್ಮನೆಯವರು ಮಾತ್ರ ಕ್ಯಾಲೆಂಡರಿನ ಮುಂದೆ ನಿಂತು ಕೆಮ್ಮತೊಡಗಿದರು.

ಕೊನೆಗೆ ನಾನೇ ಬಸ್ಸು ಹತ್ತಿ, ಗಬ್ಬೂರು ದಾಟಿ, ದೇವದುರ್ಗಕ್ಕೆ ಹೋದೆ. ಈ ಸಲ ಗಟ್ಟಿಯಾಗಿ ಮಾತಾಡಬೇಕು, ಪಾತ್ರೆ ಮತ್ತು ಬಾಡಿಗೆ ಎರಡನ್ನೂ ತರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅಂಗಳದಲ್ಲಿ ನನ್ನ ಕೊಪ್ಪರಿಗೆ ನನ್ನ ಮನೆಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಬರ್ರಿ ಯವ್ವಾ. ನಮ್ಮನ್ನ ನೋಡಾಕ ಬಂದ್ರೋ, ಭಾಂಡಿ ನೋಡಾಕ ಬಂದ್ರೋ?" ಎಂದರು ಶಿವಪ್ಪನ ತಾಯಿ.

"ನಿಮ್ಮನ್ನ ನೋಡ್ಲಿಕ್ಕೇ ಬಂದೀನ್ರಿ."

"ಸುಳ್ಳ ಹೇಳಬ್ಯಾಡ್ರಿ, ಕಣ್ಣೆಲ್ಲಾ ಅಂಗಳದಾಗ ಅದಾವು. ತಡಾ ಆಗ್ಯಾದ, ಹೂಂ. ಆದ್ರ ಇಷ್ಟು ದೊಡ್ಡ ಭಾಂಡಿ ಖಾಲಿ ಹೆಂಗ ಕಳಸ್ಲಿ? ಹಿಡಿ ಅಕ್ಕಿ ಹಾಕಿದ್ರ ಮಂದಿ ನಗಂಗಿಲ್ಲೇನು? ಭತ್ತ ಮಿಲ್ಲಿಗೆ ಹೋಗ್ಯಾದ. ಹೊಸ ಅಕ್ಕಿ ಬರ್ಲಿ, ಕಂಠಮಟ ತುಂಬಿ ಕಳಸ್ತೀನಿ."

ಸಂಕ್ರಾಂತಿಯ ಗಡುವನ್ನು ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ, "ಮದುವಿಗಿ ಬರ್ಲಿಲ್ಲ ನೀವು, ಕುಂಡ್ರಿ" ಎಂದು ಮಣೆ ಹಾಕಿ ಕೂಡ್ರಿಸಿ, ಸೆರಗು ಒಡ್ಡಿಸಿ ಉಡಿ ತುಂಬಿಬಿಟ್ಟರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ಕಣ. ತುಂಬಿದ ಉಡಿ ಹಿಡಿದು ನಿಂತು ಬಾಡಿಗೆ ಕೇಳುವ ನಾಲಿಗೆಯನ್ನು ದೇವರು ನಮ್ಮ ಕಡೆಯ ಯಾವ ಹೆಂಗಸಿಗೂ ಕೊಟ್ಟಿಲ್ಲ. ದಾರಿಯುದ್ದಕ್ಕೂ ಜೋಡಿಸಿದ ಮಾತೆಲ್ಲ ಉಡಿಯೊಳಗೇ ಗಂಟು ಬಿತ್ತು. ಅವರ ಕಾಲಿಗೆ ನಮಸ್ಕಾರ ಮಾಡಿ ಬಸ್ಸು ಹತ್ತಿದೆ. ಕೂಡಲು ಸೀಟು ಸಿಕ್ಕಿತು, ಅಷ್ಟು ದಯೆ.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಿಗ್ಗೆ, ಗುಜರಿಯವನು ತಕ್ಕಡಿಯ ಸಮೇತ ಬಂದ. ಕೂಲರು ಹೋಯಿತು, ಮಂಚ ಹೋಯಿತು. "ಕೊಪ್ಪರಿಗಿ ಬಂದ ಕೂಡ್ಲೇ ಹೇಳಿ ಕಳಸ್ತೀನಿ, ಮಾತಂದ್ರ ಮಾತು" ಎಂದು ನಮ್ಮನೆಯವರು ಹೇಳುತ್ತಿರುವಾಗಲೇ ಬಾಗಿಲಿಗೆ ಟೆಂಪೊ ಬಂದು ನಿಂತಿತು. ಹಿಂದೆ ಬಿಳಿ ಬಟ್ಟೆ ಕಟ್ಟಿದ ಕೊಪ್ಪರಿಗೆ. ಬಿಚ್ಚಿದರೆ ಅಂಚಿನವರೆಗೆ ಹೊಸ ಅಕ್ಕಿ, ನಡುವೆ ನೆಟ್ಟ ತೆಂಗಿನಕಾಯಿ. ನಾಲ್ಕು ಜನ ಹೊತ್ತು ಇಳಿಸಿದರು. ಗುಜರಿಯವನು ಒಂದು ಸುತ್ತು ಹಾಕಿ, "ಸಾಹೇಬ್ರ, ಅಕ್ಕಿ ಸಮೇತ ತೂಗ್ಲೇನ್ರಿ?" ಎಂದು ಕೇಳಿದ.

"ಅಕ್ಕಿ ತಗದು ತೂಗು" ಎಂದರು ಇವರು.

"ತಗೀರಿ. ಹಬ್ಬದ ಹೊತ್ತಿನಾಗ ತುಂಬಿ ಬಂದ ಭಾಂಡಿ ಖಾಲಿ ಮಾಡಿ ಹೊರಗ ಹಾಕಿದ್ರು ಅಂತ ನಿಮ್ಮವ್ವಗ ನೀವೇ ಹೇಳ್ಕೋರಿ" ಎಂದು ಗೋಡೆಯ ಮೇಲಿನ ಅತ್ತೆಯ ಫೋಟೊ ತೋರಿಸಿದೆ. ಇವರು ಫೋಟೊ ನೋಡಿದರು, ಅಕ್ಕಿಯಲ್ಲಿ ಕೈಯಾಡಿಸಿ ನೋಡಿದರು. "ಆತು, ಅಕ್ಕಿ ಮುಗಿಯೂ ತನಕ ಇರ್ಲಿ. ಮುಗಿದ ದಿನ ಒಂದು ಕ್ಷಣ ಇಡಂಗಿಲ್ಲ" ಎಂದರು.

ಈಗ ಟೀಚರು ಕೋಣೆಯಲ್ಲಿದ್ದಾಳೆ, ಒಳ್ಳೆಯ ಹುಡುಗಿ, ಬಾಡಿಗೆ ತಪ್ಪದೆ ಕೊಡುತ್ತಾಳೆ. ಕೊಪ್ಪರಿಗೆ ಪಡಸಾಲೆಯ ಮೂಲೆಗೆ ಬಂದಿದೆ. ಬಾಡಿಗೆಗೆ ಕೇಳಿಕೊಂಡು ಯಾರಾದರೂ ಬಂದರೆ, "ಅದರಾಗ ಅಕ್ಕಿ ಅದ ರೀ" ಎಂದು ನಾನೇ ವಾಪಸು ಕಳಿಸುತ್ತೇನೆ. ದಿನಾ ಅದರಿಂದಲೇ ಅಕ್ಕಿ ತೆಗೆದು ಅನ್ನಕ್ಕಿಡುತ್ತೇನೆ. ನಮ್ಮನೆಯವರು ಆಗಾಗ ಮುಚ್ಚಳ ಸರಿಸಿ ನೋಡಿ, "ಏನ್ ಕೈಗುಣ ಅದ ನೋಡು ಆ ದೇವದುರ್ಗದ ಮುದುಕಿದು! ಇಷ್ಟು ತಿಂಗಳು ಉಂಡ್ರೂ ತಳ ಕಾಣವಲ್ದು" ಎಂದು ಬೆರಗಾಗುತ್ತಾರೆ. ನಾನು ದೇವರ ಮನೆಯ ಕಡೆ ಕೈ ಮುಗಿಯುತ್ತೇನೆ. ತಳ ಯಾಕೆ ಕಾಣುವುದಿಲ್ಲ ಎಂಬುದು ದೇವರಿಗೆ ಗೊತ್ತು. ಇವರು ಕಚೇರಿಗೆ ಹೋದ ಮೇಲೆ ಟೀಚರು ಕೊಟ್ಟ ಬಾಡಿಗೆಯಲ್ಲಿ ನನಗೆ ಅಕ್ಕಿ ತೂಗಿ ಕೊಡುವ ಮೂಲೆಯಂಗಡಿಯ ಶೆಟ್ಟರಿಗೂ ಗೊತ್ತು.