ಒಬ್ಬನೇ ಮೇಳ

ಸಿದ್ರಾಮ ತಾಳ ಕೆಳಗಿಟ್ಟದ್ದೇ ಎಲ್ಲದಕ್ಕೂ ಮೂಲ. ಮೂಡಲಗಿಯ ದುಂಡಪ್ಪ ಕಾಕಾನ ಭಜನಾ ಮೇಳದಲ್ಲಿ ಅವನು ಮೀಸೆ ಮೂಡುವ ಮೊದಲಿನಿಂದ ತಾಳ ಬಡಿಯುತ್ತ ಬಂದವನು. ಕಳೆದ ಸೋಮವಾರ ಧೈರ್ಯ ಮಾಡಿ, "ಕಾಕಾ, ಈ ಸಲಾ ಹುಕ್ಕೇರಿ ಭಜನಾ ಸ್ಪರ್ಧಾದಾಗ ನಾ ಮುಂದ ಕುಂತ ಹಾಡ್ತೇನ್ರಿ" ಅಂದ.

ಕಾಕಾ ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ತಮ್ಮಾ, ನಿನ್ನ ದನಿ ಕೇಳಬಾರ್ದು ಅಂತನ ಕೈಯಾಗ ತಾಳಾ ಕೊಟ್ಟೇನಿ" ಅಂದುಬಿಟ್ಟ.

"ಹಂಗಾರ ನೀವ್ಯಾರೂ ಬ್ಯಾಡ್ರಿ. ನಾ ಒಬ್ಬನ ಮ್ಯಾಳ ಆಗ್ತೇನಿ! ಹುಕ್ಕೇರಿ ಸ್ಪರ್ಧಾಕ್ಕ ನನ್ನ ಹಾಡ ಆರಿಸಿ ಬರ್ಲಿಲ್ಲಂದ್ರ ಸಾಯೂತನಕಾ ತಾಳಾ ಬಡೀತೇನಿ."

"ಆರಿಸಿ ಬಂದ್ರ ನನ್ನ ಜಾಗಾದಾಗ ನೀನ ಕುಂದ್ರಪಾ" ಅಂದ ಕಾಕಾ, ನಗುತ್ತ.

ಆ ನಗು ಸಿದ್ರಾಮನಿಗೆ ಚುಚ್ಚಿತು. ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ರೆಕಾರ್ಡರ್ ತರಿಸಿದ. ಅದರಲ್ಲಿ ನಾಲ್ಕು ಟ್ರ್ಯಾಕು, ನಾಲ್ಕು ಗುಂಡಿ. ಮೊದಲು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿ ಇಡುವುದು. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಎರಡನೆಯದಕ್ಕೆ ದಮ್ಮಡಿ ಬಾರಿಸುವುದು. ಮೂರಕ್ಕೆ ಮುಂದೆ ಕೂತವನ ಹಾಡು, ನಾಲ್ಕಕ್ಕೆ ಅವನು ಬಿಟ್ಟ ಸೊಲ್ಲನ್ನು ತಿರುಗಿ ಹಾಡುವ ಹಿಂದಿನವರ ದನಿ. ಬೇಕಾದ ಗುಂಡಿ ಏರಿಸಿ, ಬೇಡವಾದದ್ದು ಇಳಿಸಿ ಒಟ್ಟುಗೂಡಿಸಿದರೆ ಮೇಳ ತಯಾರು. ಭಾನುವಾರ ಸಂಜೆ ಐದರೊಳಗೆ ಹುಕ್ಕೇರಿಗೆ ಫೋನಿನಲ್ಲಿ ಕಳಿಸಬೇಕು, ಅಷ್ಟೇ.

ಭಾನುವಾರ ಸಿದ್ರಾಮ ಮನೆಯಲ್ಲಿ ಕರ್ಫ್ಯೂ ಹೊರಡಿಸಿದ. ಹೆಂಡತಿ ದಾಕ್ಷಾಯಿಣಿ ರೊಟ್ಟಿ ಬಡಿಯುವಂತಿಲ್ಲ. ಫ್ಯಾನು ಗರಗರ ಅನ್ನುತ್ತದೆಂದು ಅದೂ ಬಂದ್. ಸೆಕೆ ತಡೆಯದೆ ಕಿಟಕಿ ತೆರೆದು, ಗಟ್ಟಿ ಜಾಗವೆಂದು ರೆಕಾರ್ಡರನ್ನು ಅದರ ಕಟ್ಟೆಯ ಮೇಲೆಯೇ ಇಟ್ಟ. ಪೇಟಿಯೂ ದಮ್ಮಡಿಯೂ ಸುಸೂತ್ರವಾಗಿ ಮುಗಿದವು. ಆಮೇಲೆ ಹೆಡ್‌ಫೋನು ಬಿಗಿದುಕೊಂಡು ಹಾಡಿಗೆ ಕುಳಿತ.

"ದಾರಿ ತೋರಿಸೊ ಗುರುವೇ, ನಾ ಒಬ್ಬನೇ ಬಂದೇನೋ..."

ಇಷ್ಟು ಹಾಡಿ ಬಾಯಿ ಮುಚ್ಚಿದ. ಹಿಂದಿನವರ ದನಿಗೆಂದು ಜಾಗ ಬಿಡಬೇಕಲ್ಲ! ಅವನ ಕಿವಿಯಲ್ಲಿ ಪೇಟಿ ದಮ್ಮಡಿ ಮೊಳಗುತ್ತಿದ್ದವು. ಹೊರಗಿನವರಿಗೆ ಅದೇನೂ ಕೇಳುವಂತಿರಲಿಲ್ಲ.

ಅಂಗಳದಲ್ಲಿ ಸಂಡಿಗೆ ಹಾಕುತ್ತಿದ್ದ ಪಕ್ಕದ ಮನೆಯ ಶಿವವ್ವ ಇಣುಕಿದಳು. ಮೈಯೆಲ್ಲ ಬೆವರು, ಕಣ್ಣು ಮುಚ್ಚಿದೆ, ಸದ್ದಿಲ್ಲದ ಕೋಣೆಯಲ್ಲಿ ಗಂಡಸು ತಲೆದೂಗುತ್ತಿದ್ದಾನೆ. ಓಣಿಯಾಚೆ ಸೈಕಲ್ ಪಂಕ್ಚರ್ ಹಾಕುತ್ತಿದ್ದ ಗಫಾರನನ್ನು ಕೂಗಿದಳು.

"ಗಫಾರಾ, ಲಗೂನ ಬಾರೋ! ಸಿದ್ರಾಮಗ ಏನೋ ಆಗೇತಿ. ಒಂದ ಸೊಲ್ಲ ಒದರ್ತಾನ, ಆಮ್ಯಾಲ ಬಾಯಿ ಮುಚ್ಚಿ ಕುಂದರ್ತಾನ."

ಗಫಾರ ಟೈರು ಹಿಡಿದುಕೊಂಡೇ ಬಂದು ನೋಡಿದ. "ಆಗೂದೇನ ಬಂತಬೇ? ಸೊಲ್ಲ ಬಿಟ್ಟಾನ, ಯಾರೂ ಹಿಡೀವಲ್ರು. ಮ್ಯಾಳಾ ಬಿಟ್ಟ ಬಂದ ಮನಿಷಾ, ಪಾಪ!"

ಮುಂದಿನವರು ಬಿಟ್ಟ ಸೊಲ್ಲನ್ನು ಹಿಂದಿನವರು ಹಿಡಿಯದೇ ಹೋಗುವುದೆಂದರೆ ಆ ಓಣಿಯಲ್ಲಿ ಉಂಡವನ ಕೈಗೆ ನೀರು ಕೊಡದಿದ್ದ ಹಾಗೆ. ಶಿವವ್ವ ಸೆರಗು ಸರಿಮಾಡಿಕೊಂಡು ದನಿ ಎತ್ತಿದಳು: "ಒಬ್ಬನೇ ಬಂದೇನೋ..." ಗಫಾರ ಟೈರಿನ ಮೇಲೆಯೇ ಠೇಕಾ ಹಿಡಿದ. ಎರಡನೆಯ ನುಡಿಗೆ ನಾಲ್ಕು ಬಾಗಿಲು ತೆರೆದವು, ಮೂರನೆಯದಕ್ಕೆ ಓಣಿಗೆ ಓಣಿಯೇ "ಒಬ್ಬನೇ ಬಂದೇನೋ" ಅನ್ನುತ್ತಿತ್ತು. ಸಿದ್ರಾಮನ ಕಿವಿ ಭದ್ರವಾಗಿ ಮುಚ್ಚಿತ್ತು.

ಹಾಡು ಮುಗಿಸಿ, ತಿರುಗಿ ಹಚ್ಚಿದವನು ಮೂರನೆಯ ಟ್ರ್ಯಾಕಿನಲ್ಲಿ ತನ್ನ ದನಿಯ ಜೊತೆ ಓಣಿಯ ದನಿಯೂ ಸೇರಿದ್ದು ಕೇಳಿ ಹೌಹಾರಿದ.

"ಯಾರ ಹೇಳಿದ್ರು ನಿಮಗ ಹಾಡಾಕ? ಎಲ್ಲಾ ಹೊಲಸ ಮಾಡಿ ಇಟ್ರಲ್ಲಾ!"

"ಅಯ್ಯ, ಕೂಸ ಒಬ್ಬನ ಹಾಡಾಕತ್ತೇತಿ ಅಂತ ಕರಳ ಚುರಕ್ ಅಂತಪಾ" ಅಂದಳು ಶಿವವ್ವ. ಅವಳ ಮುಖ ಸಣ್ಣದಾದದ್ದು ನೋಡಿ ಸಿದ್ರಾಮನಿಗೂ ಕೆಟ್ಟದೆನಿಸಿತು. ಆದರೆ ಗಡಿಯಾರ ನಾಲ್ಕು ದಾಟಿತ್ತು.

ಮೂರನೆಯ ಗುಂಡಿ ಪೂರ್ತಿ ಇಳಿಸಿ, ಕಿಟಕಿ ಹಾಕಿ, ಮುಂದಿನ ಸೊಲ್ಲು ಹಿಂದಿನ ಸೊಲ್ಲು ಎರಡನ್ನೂ ತಾನೇ ಹಾಡಿ ನಾಲ್ಕನೆಯದರಲ್ಲಿ ತುಂಬಿದ. ದಾಕ್ಷಾಯಿಣಿ ಬಾಗಿಲಲ್ಲಿ ಕೈ ಅಡ್ಡ ಹಿಡಿದು ಕಾವಲು ನಿಂತಳು. ಹಾಡು ಮುಗಿದದ್ದೇ ತಡ, ಓಣಿಯೆಲ್ಲ ಒಳಗೆ ನುಗ್ಗಿತು. ಹಿಂದೆಯೇ ದುಂಡಪ್ಪ ಕಾಕಾ.

"ಏನೋ ಒಬ್ಬನ ಮ್ಯಾಳಾ, ಐದಾಗಾಕ ಬಂತಲ್ಲೋ!"

ಸಿದ್ರಾಮ ಗಡಬಡಿಸಿ ರೆಕಾರ್ಡರಿಗೆ ಕೈ ಹಾಕಿದ. ಒಂದು ಸಲ ಕೇಳಿ ನೋಡೋಣವೆಂದರೆ ಹೆಡ್‌ಫೋನು ಗಫಾರನ ತಲೆಯೇರಿತ್ತು. ಬಿಡಿಸಿಕೊಳ್ಳಲು ಪುರಸೊತ್ತಿಲ್ಲ. ಗುಂಡಿಗಳನ್ನು ಏರಿಸಿ ಇಳಿಸಿ, ಒಟ್ಟುಗೂಡಿಸಿ, ಹುಕ್ಕೇರಿಗೆ ಕಳಿಸಿಬಿಟ್ಟ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಎಲ್ಲರೂ ಕೇಳಲೆಂದು ಸಿದ್ರಾಮ ಸ್ಪೀಕರ್ ಹಚ್ಚಿದ.

"ಸಿದ್ರಾಮ ಅವರೇನ್ರಿ? ನಿಮ್ಮ ಹಾಡ ಆರಿಸಿ ಬಂದೈತ್ರಿ."

ಸಿದ್ರಾಮ ಎದೆಯುಬ್ಬಿಸಿ ಕಾಕಾನ ಕಡೆ ನೋಡಿದ. ಕಾಕಾ, ಪಾಪ, ಸೋತ ಮಾತು ಒಪ್ಪಿ ಹೆಗಲ ಮೇಲಿನ ಟಾವೆಲ್ಲು ತೆಗೆದು ಅವನಿಗೆ ಜಾಗ ಝಾಡಿಸಿದ.

"ನಮ್ಮ ಪರೀಕ್ಷಕರು ಭಾಳ ಖುಷಿ ಆಗ್ಯಾರ್ರಿ. ಹಿಂದ ದನಿ ಎತ್ತತಾರಲ್ಲ, ಆ ಅವ್ವಾರು! ಓಣಿ ಮಂದಿ ದನಿ! ಆ ಢಬಢಬ ಬಾರಿಸಾವ್ರು! ಎಲ್ಲಾರನ್ನೂ ಕರಕೊಂಡ ಬರ್ರಿ."

ಸಿದ್ರಾಮ ರೆಕಾರ್ಡರಿನ ಕಡೆ ತಿರುಗಿದ. ಮೂರನೆಯ ಗುಂಡಿ ತುದಿಯಲ್ಲಿತ್ತು, ನಾಲ್ಕನೆಯದು ತಳದಲ್ಲಿ.

"ಒಂದ ಸಣ್ಣ ಮಾತ್ರಿ" ಅಂತು ಫೋನು. "ಮುಂದ ಹಾಡೂ ಗಂಡಸಿನ ದನಿ ಅಷ್ಟ ಸರಿ ಇಲ್ರಿ. ಆ ಅವ್ವಾರನ್ನ ಮುಂದ ಕುಂದ್ರಸ್ರಿ. ನಿಮ್ಮ ಮ್ಯಾಳದಾಗ ತಾಳ ಕೇಳಲಿಲ್ಲ, ಆ ಗಂಡಸಿನ ಕೈಯಾಗ ತಾಳಾ ಕೊಡ್ರಿ."

ಕೋಣೆಯಲ್ಲಿ ಯಾರೂ ನಗಲಿಲ್ಲ. ದುಂಡಪ್ಪ ಕಾಕಾ ಮೆಲ್ಲಗೆ ಅಂಗಿಯ ಕಿಸೆಗೆ ಕೈ ಹಾಕಿ, ಸಿದ್ರಾಮನ ಹಳೆಯ ತಾಳ ತೆಗೆದ. ಒರೆಸಿ, ಹೊಳಪು ಬರಿಸಿ ತಂದಿದ್ದ.

"ಮುಂದ ನಾನೂ ಕುಂದ್ರೂದಿಲ್ಲ, ನೀನೂ ಕುಂದ್ರೂದಿಲ್ಲ. ಹಿಡಿಯಪಾ, ನಿನ್ನ ಬಾಜೂಕ ನನಗೂ ಒಂಚೂರ ಜಾಗಾ ಮಾಡ" ಅಂದ.

ಶಿವವ್ವ ಆಗಲೇ ಚಾಪೆಯ ನಡುವೆ ಕುಳಿತಿದ್ದಳು. "ತಮ್ಮಾ, ನಾ ಸೊಲ್ಲ ಬಿಟ್ಟಾಗ ಬಾಯಿ ಮುಚ್ಚಿ ಕುಂದ್ರಬ್ಯಾಡ, ಹಿಡಿ" ಅಂದು ಕಣ್ಣು ಮುಚ್ಚಿದಳು.

"ದಾರಿ ತೋರಿಸೊ ಗುರುವೇ, ನಾ ಒಬ್ಬನೇ ಬಂದೇನೋ..."

ಸಿದ್ರಾಮ ತಾಳ ಎತ್ತಿಕೊಂಡ.