ಲ್ಯಾಂಪ್ ರೂಮಿನವನಿಗೆ ಒಂದು ಪಾಪ ಬೇಕಾಗಿತ್ತು

ಬಟ್ಟೆ ಅಂಗಡಿ ಇಟ್ಟವನು ಬಟ್ಟೆಯನ್ನಷ್ಟೇ ಮಾರಿಕೊಂಡು ತೆಪ್ಪಗಿರಲು ಊರಿಗಾಂನಲ್ಲಿ ಯಾರೂ ಬಿಟ್ಟವರಲ್ಲ. ಚಿನ್ನದ ಗಣಿ ಸರ್ಕಾರದ ಕೈಗೆ ಬಂದ ಹೊಸದರಲ್ಲಿ ನನ್ನ ಅಂಗಡಿಯ ಎದುರಿಗೇ, ರಸ್ತೆಯ ಆ ಬದಿಗೆ, ತಗಡಿನ ಸೂರಿನ, ಕ್ರೈಸ್ತರ ಒಂದು ಪ್ರಾರ್ಥನಾ ಮಂದಿರ ಎದ್ದಿತು. ತಗಡಿಗೆ ಗುಟ್ಟು ನಿಲ್ಲುವುದಿಲ್ಲ. ಒಳಗೆ ಕೂತವರಿಗೆ ಎಷ್ಟು ಕೇಳಿಸುತ್ತಿತ್ತೋ ಗಲ್ಲಾದ ಮುಂದೆ ಕೂತ ನನಗೂ ಅಷ್ಟೇ ಕೇಳಿಸುತ್ತಿತ್ತು. ಅವರಲ್ಲಿ ಕೆಲವರು ಉಪದೇಶದ ನಡುವೆ ತೂಕಡಿಸುತ್ತಿದ್ದರು. ವ್ಯಾಪಾರಕ್ಕೆ ಕೂತವನಿಗೆ ಆ ಸೌಕರ್ಯ ಎಲ್ಲಿಯದು? ಹೀಗಾಗಿ ದಿನಾ ಹಣೆಗೆ ನಾಮ ಎಳೆದುಕೊಳ್ಳುವ ನನಗೆ ಪಾಪ, ಕೃಪೆ, ರಕ್ಷಣೆ, ಕರ್ತನು ಮತ್ತೆ ಇಳಿದು ಬರುವ ಎರಡನೇ ಬರೋಣ ಎಲ್ಲವೂ ಬಾಯಿಪಾಠವಾದವು.

ಆ ಸಭೆಗೆ ಹೊಸದಾಗಿ ಸೇರಿದವನೊಬ್ಬನಿದ್ದ. ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿಗೆ ಇಳಿಯುವವರಿಗೆ ದೀಪ ಕೊಡುವ ಲ್ಯಾಂಪ್ ರೂಮಿನಲ್ಲಿ ಅವನಿಗೆ ಕೆಲಸ. ಇರುವೆ ಕಚ್ಚಿದರೆ ಇರುವೆಗೇ ಹಲ್ಲು ನೊಂದಿತೇನೋ ಎಂದು ವಿಚಾರಿಸುವಂಥ ಸಾಧು. ಅವನಿಗೆ ದೀಕ್ಷಾಸ್ನಾನ ಆಗಬೇಕಾಗಿತ್ತು, ಅಂದರೆ ನೀರಿನಲ್ಲಿ ಪೂರ್ತಿ ಮುಳುಗಿ ಏಳುವುದು. ಅದಕ್ಕೆ ಮೊದಲು ಎಲ್ಲರೆದುರು ನಿಂತು, 'ನಾನು ಇಂಥ ಪಾಪದಲ್ಲಿ ಬಿದ್ದಿದ್ದೆ, ಕರ್ತನು ನನ್ನನ್ನು ಎತ್ತಿದನು' ಎಂದು ಸಾಕ್ಷಿ ಹೇಳಬೇಕು. ಅವನು ಬಿದ್ದದ್ದೇ ಇಲ್ಲವಲ್ಲ, ಎತ್ತುವುದು ಯಾರನ್ನು?

ಬೇರೆಯವರ ಖರ್ಚು

ಆ ಸಭೆಯ ಉಪದೇಶಿಗಳು ಒಳ್ಳೆಯ ಮನುಷ್ಯರು. ಒಂದು ದಿನ ಅಂಗಿ ಬಟ್ಟೆಗೆ ಬಂದವರು, "ರಕ್ಷಣೆಗೆ ಬೆಲೆಯಿಲ್ಲ ಸೆಟ್ಟರೇ, ಅದು ಉಚಿತ" ಎಂದರು.

ನಾನು ಗಜಕೋಲು ಕೆಳಗಿಟ್ಟೆ. "ಅಯ್ಯನವರೇ, ಉಚಿತ ಅಂದ ಸರಕು ಒಂದೋ ತೂತಿರುತ್ತೆ, ಇಲ್ಲ ಬಣ್ಣ ಬಿಡುತ್ತೆ."

"ತೂತೂ ಇಲ್ಲ, ಬಣ್ಣವೂ ಬಿಡೋಲ್ಲ. ನಿಮ್ಮ ಬದಲು ಇನ್ನೊಬ್ಬನು ಬೆಲೆ ತೆತ್ತಾಗಿದೆ."

"ಹಾಗನ್ನಿ ಮತ್ತೆ. ಉಚಿತ ಅಲ್ಲ, ಬೇರೆಯವರ ಖರ್ಚು. ಅದು ವ್ಯಾಪಾರಕ್ಕೆ ಒಪ್ಪೋ ಮಾತು."

ಅವರಿಗೆ ಖುಷಿಯೋ ಖುಷಿ. ಆ ಭಾನುವಾರ ತಗಡಿನ ಸೂರಿನಿಂದ ನನ್ನ ಹೆಸರು ತೇಲಿ ಬಂತು. "ಎದುರಿಗಿರುವ ಸೆಟ್ಟರ ಅಂಗಡಿಯಲ್ಲಿ ಒಂದು ಸೀರೆ ಇದೆ ಎಂದುಕೊಳ್ಳಿ. ನಿಮ್ಮಲ್ಲಿ ಕಾಸಿಲ್ಲ. ಆದರೆ ಬೇರೊಬ್ಬನು ಅದರ ಬೆಲೆ ಕೊಟ್ಟಿದ್ದಾನೆ. ನೀವು ಮಾಡಬೇಕಾದದ್ದೇನು? ನಂಬಿ ಹೋಗಿ ತೆಗೆದುಕೊಳ್ಳುವುದು!"

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಲ್ಯಾಂಪ್ ರೂಮಿನವನ ಹೆಂಡತಿ ಬಂದಳು. ಗಂಡ ಎಷ್ಟು ಮೆದುವೋ ಈಕೆ ಅಷ್ಟೇ ಖಡಕ್ಕು. ಗಂಡನ ದೀಕ್ಷಾಸ್ನಾನಕ್ಕೆ ಉಟ್ಟುಕೊಳ್ಳಲು ನೀಲಿ ಅಂಚಿನ ಸೀರೆಯೊಂದನ್ನು ಆರಿಸಿ, ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.

"ಅಮ್ಮಾ, ದುಡ್ಡು?"

"ಬೇರೆಯೋರು ಕೊಟ್ಟಾಗೈತಂತಲ್ಲ. ಅಯ್ಯನೋರು ನಿನ್ನೆ ನಿಮ್ಮ ಎಸ್ರಿಡಿದೇ ಏಳುದ್ರು. ನೀವೂ ಇಲ್ಲಿ ಕುಂತ್ಕಂಡು ತಲೆ ಆಡುಸ್ತಿದ್ರಿ, ನಾನೇ ನೋಡ್ದೆ."

ಉಪದೇಶಿಗಳಿಗೆ ಹೇಳಿಕಳಿಸಿದೆ. ಓಡಿ ಬಂದರು. "ತಾಯಿ, ಅದು ದೃಷ್ಟಾಂತ."

"ಅಂಗಾದ್ರೆ ನೀವು ಏಳಿದ್ದು ಸುಳ್ಳಾ?"

"ಸುಳ್ಳಲ್ಲ, ಸತ್ಯವೇ. ಆದರೆ ಸೀರೆ ಸತ್ಯವಲ್ಲ."

"ಸೀರೆ ನನ್ ಕಂಕುಳಾಗೇ ಐತಲ್ಲ ಅಯ್ಯ!"

ಅವರು ಒಮ್ಮೆ ಆಕಾಶ ನೋಡಿದರು. ಆಮೇಲೆ ಜುಬ್ಬದ ಜೇಬಿಗೆ ಕೈ ಹಾಕಿದರು. ಬೇರೊಬ್ಬನು ಬೆಲೆ ತೆತ್ತಾಯಿತು. ಮುಂದಿನ ವಾರದ ದೃಷ್ಟಾಂತಕ್ಕೆ ಅವರು ನನ್ನನ್ನು ಬಿಟ್ಟು ಪಕ್ಕದ ಬೀದಿಯ ಕಾಫಿಪುಡಿ ಅಂಗಡಿಯವನನ್ನು ಹಿಡಿದರು.

ಕಹಳೆ ಊದಿದ ಸಂಜೆ

ಲ್ಯಾಂಪ್ ರೂಮಿನವನು ಸಾಕ್ಷಿ ಹೇಳಬೇಕಾದ ದಿನ ಬಂತು. ವಾರದ ನಡುವಿನ ಕೂಟ, ಮಂದಿರ ತುಂಬಿತ್ತು. ಅವನ ಸರದಿಗೆ ಮೊದಲು ಉಪದೇಶಿಗಳು ಕರ್ತನ ಎರಡನೇ ಬರೋಣದ ಮೇಲೆ ಮಾತಾಡಿದರು. ಗಂಟಲು ಏರುತ್ತಾ ಏರುತ್ತಾ ತಗಡು ನಡುಗತೊಡಗಿತು. "ಸಹೋದರರೇ, ಕಹಳೆ ಊದುವುದು! ಆ ಶಬ್ದ ಕೇಳಿದ ಕ್ಷಣ ಸಿದ್ಧವಾಗಿರುವವರು ಎಲ್ಲವನ್ನೂ ಬಿಟ್ಟು ಎದ್ದು ಮೇಲಕ್ಕೆ, ಪರಲೋಕಕ್ಕೆ ಹೊರಡುವರು! ನಿಮ್ಮಲ್ಲಿ ಯಾರು ಸಿದ್ಧ?"

ಸರಿಯಾಗಿ ಆಗಲೇ ಗಣಿಯ ಸೈರನ್ನು ಕೂಗಿತು. ಪಾಳಿ ಬದಲಾಗುವ ಹೊತ್ತು.

ಗಂಡಸರ ಕಡೆ ಅರ್ಧಕ್ಕರ್ಧ ಜನ ಒಟ್ಟಿಗೆ ಎದ್ದರು. ಊಟದ ಕ್ಯಾರಿಯರ್ ಎತ್ತಿಕೊಂಡು, ಅಯ್ಯನವರಿಗೆ 'ಸ್ತೋತ್ರ' ಎಂದು ಕೈಮುಗಿದು, ಸಾಲಾಗಿ ಹೊರಟೇಬಿಟ್ಟರು. ಮೇಲಕ್ಕೆ ಹೋಗಬೇಕಾಗಿದ್ದ ಸಭೆ ಲಿಫ್ಟಿನ ಪಂಜರ ಹತ್ತಿ ಗಣಿಯ ತಳಕ್ಕೆ ಹೋಯಿತು.

ಲ್ಯಾಂಪ್ ರೂಮಿನವನು ಎದ್ದು ಕೈಮುಗಿದ. "ನಾನೂ ಬರ್ತೀನಿ ಅಯ್ಯಾ. ಅವ್ರಿಗೆ ದೀಪ ಕೊಡೋನು ನಾನೇ ಅಲ್ವಾ?" ಸಾಕ್ಷಿ ಮುಂದಕ್ಕೆ ಹೋಯಿತು.

ಕೂಟ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ನನ್ನ ಅಂಗಡಿಗೆ ಬಂದರು. ಗಣಿಯೊಳಗೆ ಸುರಂಗ ಕುಸಿಯದಂತೆ ಮರದ ಆನಿಕೆ ಕೊಡುವ ಕೆಲಸದಿಂದ ನಿವೃತ್ತರಾದವರು, ಸಭೆಯ ಕಟ್ಟುನಿಟ್ಟೆಲ್ಲ ಅವರದೇ. ಒಂದು ಜಮಖಾನ ಬೇಕಿತ್ತು. ಎಳೆದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಮೂಸಿಯೂ ನೋಡಿದರು.

"ಬಾಳಿಕೆ ಬರ್ತದಾ ಸೆಟ್ರೇ?"

"ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಆದರೆ ನಿಮಗ್ಯಾಕೆ? ನಾಳೆಯೋ ನಾಡಿದ್ದೋ ಕರ್ತ ಬರ್ತಾನೆ ಅಂತ ಈಗ ತಾನೆ ಕೇಳಿಸ್ತಲ್ಲ."

"ಅವನು ಬರೋದು ಅವನಿಷ್ಟ. ಬರೋದು ತಡ ಆದ್ರೆ ಚಳಿ ತಡೀಬೇಕಾದೋನು ನಾನು. ಕಡೇ ರೇಟು ಹೇಳಿ."

ಪಾಪ ಹುಡುಕಿಕೊಂಡು ಬಂದ ಗಿರಾಕಿ

ಈ ಹಿರಿಯರ ಸಾಕ್ಷಿ ಊರಿಗೇ ಪ್ರಸಿದ್ಧ. ಹಿಂದೆ ಅವರು ದೊಡ್ಡ ಕುಡುಕರಂತೆ, ಹೊಡೆದಾಟದವರಂತೆ. ನಾನು ಮೊದಲು ಕೇಳಿದಾಗ ಅವರು ಒಬ್ಬ ಪೊಲೀಸಿನವನ ಟೋಪಿ ಕಿತ್ತಿದ್ದರು. ಮಳೆಗಾಲದ ಹೊತ್ತಿಗೆ ಟೋಪಿಯ ಜೊತೆ ಲಾಠಿಯೂ ಸೇರಿತು. ಕ್ರಿಸ್‌ಮಸ್ಸಿಗೆ ಇಡೀ ಠಾಣೆಯನ್ನೇ ಓಡಿಸಿದ್ದರು. ಬಿಟ್ಟು ಎಷ್ಟೋ ಕಾಲವಾದ ಪಾಪ ವಾರವಾರಕ್ಕೂ ಬೆಳೆಯುವುದನ್ನು ನಾನು ಅಲ್ಲೇ ನೋಡಿದ್ದು.

ಅಂಥವರ ಮುಂದೆ ಲ್ಯಾಂಪ್ ರೂಮಿನವನು ಏನು ಹೇಳಿಯಾನು? ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿಗೆ ಬಂದ. ರವಿಕೆ ಕಣ ಕೇಳುವವನ ಹಾಗೆ ಮೆಲ್ಲಗೆ, "ಸೆಟ್ರೇ, ಒಂದು ಪಾಪ ಬೇಕಾಗಿತ್ತು" ಎಂದ.

"ಎಂಥದಯ್ಯಾ?"

"ಎಂಥದಾದ್ರೂ ಸರಿ. ನಾನು ಯಾವತ್ತಾದ್ರೂ ನಿಮ್ಮಂಗಡೀಲಿ ಏನಾದ್ರೂ ಕದ್ದಿದ್ದೀನಾ? ನೆಪ್ಪು ಮಾಡ್ಕೊಂಡು ಹೇಳಿ."

"ಕದಿಯೋನು ನಿನ್ನ ಹಾಗೆ ಚಪ್ಪಲಿನ ಬೀದೀಲಿ ಬಿಟ್ಟು ಒಳಗೆ ಬರ್ತಾನೇನೋ?"

ಅವನ ಮುಖ ಬಾಡಿತು. "ಎಲ್ರೂ ಪಾಪಿಗಳು, ಒಬ್ಬನೂ ಹೊರತಲ್ಲ ಅಂತ ಅಯ್ಯನೋರು ಹೇಳ್ತಾರೆ. ನನ್ಗೂ ಒಳಗೆ ಗೊತ್ತು ಸೆಟ್ರೇ, ನಾನು ನೆಟ್ಟಗಿಲ್ಲ ಅಂತ. ಬಾಯಿಗೆ ಬರ್ತಿಲ್ಲ ಅಷ್ಟೆ. ಸಾಕ್ಷಿ ಇಲ್ದಿದ್ರೆ ನೀರಿಗೆ ಇಳಿಸಲ್ಲ ಅಂತ ಹಿರೀರು ಕಡ್ಡಿ ಮುರ್ದಂಗೆ ಹೇಳ್ಬಿಟ್ರು. ಎಲ್ರನ್ನೂ ಕ್ಷಮ್ಸಿ, ಕರ್ತ ನನ್ನೊಬ್ನನ್ನ ಮಾತ್ರ ಮರ್ತ ಅಂತ ಆಗ್ಬಾರ್ದಲ್ಲ?"

ಅವನ ಕಣ್ಣು ಒದ್ದೆಯಾಗಿತ್ತು. ಅವನ ಅಳತೆಗೆ ದೀಕ್ಷಾಸ್ನಾನದ ಬಿಳಿ ಮಲ್ಲು ಬಟ್ಟೆ ಕತ್ತರಿಸಿಯೂ ಆಗಿತ್ತು. ಕತ್ತರಿಸಿದ್ದನ್ನು ನಾನು ವಾಪಸ್ಸು ತೆಗೆದುಕೊಳ್ಳುವವನಲ್ಲ. ಆದ್ದರಿಂದ ಮನಸ್ಸಿಟ್ಟು ಯೋಚಿಸಿದೆ. "ಕಳ್ಳಭಟ್ಟಿ ಇಳಿಸೋ ಕಡೆ ಹೋಗಿ ಒಂದು ಸಲ ಕುಡಿದುಬಿಡು."

"ನಿನ್ನೆ ಹೋಗಿದ್ದೆ. ಅಲ್ಲೊಬ್ಬ ಕುಡಿದು ಬಿದ್ದಿದ್ದ. ಅವನನ್ನ ಮನೆಗೆ ಎತ್ಕೊಂಡು ಹೋಗಿ ಮಲಗ್ಸಿ ಬರೋಷ್ಟ್ರಲ್ಲಿ ಡ್ಯೂಟಿ ಹೊತ್ತಾಯ್ತು."

"ಹೋಗ್ಲಿ, ಯಾರನ್ನಾದ್ರೂ ಬೈ. ನನ್ನನ್ನೇ ಬೈ. ಕೆಟ್ಟ ಮಾತೇ ಬರಲಿ."

ಅವನು ಕಣ್ಣು ಮುಚ್ಚಿಕೊಂಡ. ಮುಷ್ಟಿ ಬಿಗಿದ. ಬೆವರಿದ. "ಸೆಟ್ರೇ, ನೀವು… ನೀವು… ರೇಟು ಸ್ವಲ್ಪ ಜಾಸ್ತಿ ಹೇಳ್ತೀರಿ!"

"ಅದು ಬೈಗುಳ ಅಲ್ಲ ಕಣಯ್ಯ, ನಿಜ."

ಆದರೂ ಮಾರನೆಯ ದಿನ ಕ್ಷಮಾಪಣೆ ಕೇಳಲು ಬಂದ, ಜೊತೆಗೆ ಒಂದು ಡಬ್ಬಿ ನಿಪ್ಪಟ್ಟು ತಂದಿದ್ದ. ಪಾಪಕ್ಕೆಂದು ಬಂದವನು ಇನ್ನೊಂದಿಷ್ಟು ಪುಣ್ಯ ಕಟ್ಟಿಕೊಂಡು ಹೋದ.

ಬದನೆ ತೋಟದ ಬಾವಿ

ಗಣಿಯೂರಿನಲ್ಲಿ ಮುಖ ತೊಳೆಯಲು ನೀರು ಸಿಕ್ಕಿದರೆ ಹೆಚ್ಚು, ಆಳು ಮುಳುಗುವ ನೀರು ಎಲ್ಲಿಂದ ತರುವುದು? ಬಂಗಾರಪೇಟೆಯ ಹೊರಗೆ ಒಬ್ಬ ರೈತನ ತೋಟದಲ್ಲಿ ಮೆಟ್ಟಿಲಿದ್ದ ಬಾವಿ ಇತ್ತು. ಆ ರೈತ ಸಂತೆಯಲ್ಲಿ ನನ್ನ ಹಳೇ ಗಿರಾಕಿ. ನಾನೇ ಮಾತಾಡಿ ಒಪ್ಪಿಸಿದೆ. ಮಾರಿಕುಪ್ಪಂನಿಂದ ಬಂದ ರೈಲು ಹತ್ತಿ, ದಾರಿಯುದ್ದಕ್ಕೂ ಹಾಡಿಕೊಂಡು ಸಭೆ ಹೊರಟಿತು. ಬಿಳಿ ಬಟ್ಟೆಯೆಲ್ಲ ನನ್ನ ಅಂಗಡಿಯದೇ ಆದ್ದರಿಂದ ನಾನೂ ಹೊರಟೆ.

ಬಿಳಿ ಉಟ್ಟವರು ಬಾವಿಯ ಸುತ್ತ ನಿಂತದ್ದನ್ನು ನೋಡಿ ರೈತ ನನ್ನನ್ನು ಪಕ್ಕಕ್ಕೆ ಎಳೆದ. "ಏನ್ ಸೆಟ್ರೇ, ಮೀಯಾಕೆ ಬತ್ತಾರೆ ಅಂದ್ರಿ. ಇವ್ರು ಪಾಪ ತೊಳ್ಕಳಾಕೆ ಬಂದವ್ರಂತೆ! ತೊಳ್ದಿದ್ದೆಲ್ಲ ಎಲ್ಲಿಗೋಯ್ತದೆ? ನನ್ ಬದ್ನೆ ಗಿಡುಕ್ಕೇ ತಾನೆ?"

ಉಪದೇಶಿಗಳಿಗೆ ಕೇಳಿಸಿತು. "ಇಲ್ಲಪ್ಪ, ನೀರು ಪಾಪ ತೊಳೆಯೋದಿಲ್ಲ. ನಂಬಿದಾಗಲೇ ಅದು ಹೋಯಿತು. ನೀರು ಬರೀ ಗುರುತು."

"ಓಗಾಗೈತೆ ಅಂದ್ಮೇಲೆ ನನ್ ಬಾವಿ ಯಾಕೆ ಸೋಮಿ? ಗುರ್ತಿಗೆ ಒಂದು ಚೊಂಬು ನೀರು ಸಾಲ್ದಾ?"

ಉಪದೇಶಿಗಳು ನನ್ನ ಕಡೆ ನೋಡಿದರು. ಇಂಥ ಗಿರಾಕಿ ಬಂದರೆ ನಾನಾದರೆ ವಾದ ಬಿಟ್ಟು ಟೀ ತರಿಸಿಬಿಡುತ್ತೇನೆ. ಪಾಪ, ಅವರು ಇನ್ನೂ ಬಿಡಿಸಿ ಹೇಳಲು ಹೋದರು. "ಇದು ಹಳೆಯ ಮನುಷ್ಯನನ್ನು ಹೂಳಿ ಹೊಸ ಮನುಷ್ಯನನ್ನು ಎಬ್ಬಿಸೋದು, ಅಪ್ಪಾ."

"ಊಳ್ತೀರಾ! ನನ್ ಬಾವ್ಯಾಗಾ!"

ಅವನು ಕೋಲು ಹುಡುಕುವಷ್ಟರಲ್ಲಿ ನಾನು ನಡುವೆ ಹೋದೆ. ತುಣುಕು ಬಟ್ಟೆ ನೆನೆಸಿ ಬಣ್ಣ ನೋಡಿದ ಮೇಲೆ ಇಡೀ ಥಾನು ಬಟ್ಟೆ ಕೊಳ್ಳುವುದು ನಮ್ಮ ಪದ್ಧತಿ. "ತಾಳು ಮಾರಾಯ. ಮೊದಲು ಪಾಪವೇ ಮಾಡದ ಒಬ್ಬನನ್ನ ಇಳಿಸ್ತಾರೆ. ನೀರು ಕೆಟ್ಟರೆ ಉಳಿದವರನ್ನ ವಾಪಸ್ಸು ಕಳಿಸು." ಲ್ಯಾಂಪ್ ರೂಮಿನವನನ್ನು ತೋರಿಸಿದೆ. ರೈತ ಅವನ ಮುಖವನ್ನು ಒಂದು ಗಳಿಗೆ ನೋಡಿದ. "ಇವ್ನಾ? ಇವ್ನು ಇಳೀಲಿ ಬುಡಿ."

"ಇಳಿಯೋ ಹಾಗಿಲ್ಲ" ಎಂದರು ಹಿರಿಯರು. "ಸಾಕ್ಷಿ ಎಲ್ಲಿ? ತಾನು ಪಾಪಿ ಅಂತ ಒಪ್ಪದೋನಿಗೆ ರಕ್ಷಕ ಯಾಕೆ?"

ಲ್ಯಾಂಪ್ ರೂಮಿನವನು ಮೇಲಿನ ಮೆಟ್ಟಿಲ ಮೇಲೆ ಕೈಮುಗಿದು ನಿಂತ. "ನಾನು ಪಾಪಿ" ಎಂದ. ಆಮೇಲೆ ಬೆರಳು ಎಣಿಸಲು ಹೋದ, ಮಡಿಸಲು ಒಂದು ಪಾಪವೂ ಸಿಗಲಿಲ್ಲ. ಹಿರಿಯರು ತಲೆಯಾಡಿಸಿ, ಮುಂದಿನವನನ್ನು ಕರೆಯಲು ಕೈ ಎತ್ತಿದರು.

ಹೆಂಗಸರ ಕಡೆಯಿಂದ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಈವಯ್ಯನ ಪಾಪ ಈವಯ್ಯಂಗೇನ್ ಗೊತ್ತು? ನನ್ನ ಕೇಳಿ! ಒಣಮೀನಿನ ಸಾರು ಮಾಡಿದ್ ದಿನ ದೊಡ್ಡ ತುಂಡ್ನ ಅನ್ನದ ಅಡೀಗೆ ಬಚ್ಚಿಟ್ಕಂಡು, ನಂಗೆ ಬಂದೇ ಇಲ್ಲ ಅಂತಾನೆ. ನಮ್ಮವ್ವ ಬತ್ತಾಳೆ ಅಂದ್ರೆ ಯಾರ್ದೋ ಪಾಳಿ ಕೇಳಿ ಇಸ್ಕಂಡು ಗಣಿಗೋಯ್ತಾನೆ. ಮಗ ಅತ್ರೆ ಗೊರ್ಕೆ ಒಡೀತಾನೆ ಅಯ್ಯನೋರೇ! ನಿದ್ದೆ ಮಾಡುವಾಗ ಈವಯ್ಯಂಗೆ ಗೊರ್ಕೇನೇ ಇಲ್ಲ, ಎಚ್ರಾಗಿದ್ದಾಗ್ಲೇ ಗೊರ್ಕೆ! ಸೀರೆ ಚೆನ್ನಾಗೈತಾ ಅಂತ ಕೇಳುದ್ರೆ ತಲೆ ಎತ್ದೆ ಚೆನ್ನಾಗೈತೆ ಅಂತಾನೆ. ಒಂದ್ಸಲ ನೆಲ ಒರ್ಸೋ ಅರ್ಬೆ ಇಡ್ಕಂಡು ಕೇಳ್ದೆ. ಅದ್ಕೂ ಚೆನ್ನಾಗೈತೆ ಅಂದ!"

ಲ್ಯಾಂಪ್ ರೂಮಿನವನ ಮುಖ ನೋಡಬೇಕಿತ್ತು. ಒಂದೊಂದು ಪಾಪಕ್ಕೂ ಒಂದೊಂದು ದೀಪ ಹಚ್ಚಿಟ್ಟಂತೆ ಬೆಳಗುತ್ತಿತ್ತು. "ಹೌದು! ಅದೂ ಮಾಡಿದ್ದೀನಿ! ಸ್ತೋತ್ರ!" ಎಂದು ಕುಣಿದ. "ಇನ್ನೂ ಇದ್ಯಾ?"

"ಇಲ್ದೆ!"

ಉಪದೇಶಿಗಳು ಎರಡೂ ಕೈ ಎತ್ತಿದರು. "ಸಾಕು ತಾಯಿ, ಸಾಕು."

"ಸಾಕಾ? ಇನ್ನೂ ಮದ್ವೆ ಆದ್ ವರ್ಸದ್ದೇ ಮುಗ್ದಿಲ್ಲ!"

ಹಿರಿಯರು ಟವೆಲಿನಿಂದ ಹಣೆ ಒರೆಸಿಕೊಂಡರು. ಅವರ ಪೊಲೀಸು ಠಾಣೆ ಇದರ ಮುಂದೆ ಏನೂ ಅಲ್ಲ ಎಂಬುದು ಅವರಿಗೇ ಗೊತ್ತಾಗಿಹೋಗಿತ್ತು. "ಭಾರೀ ಪಾಪಿ" ಎಂದರು ಗೌರವದಿಂದ. "ಇಳಿಸಿ."

ಉಪದೇಶಿಗಳು ಅವನ ಕೈ ಹಿಡಿದು ಮೊದಲ ಮೆಟ್ಟಿಲಿಳಿಸಿದರು. ಅಷ್ಟರಲ್ಲಿ ಹಿಂದಿನಿಂದ ರೈತ ತಲೆಯ ಮೇಲೊಂದು, ಕಂಕುಳಲ್ಲೊಂದು ಬಿಂದಿಗೆ ಇಟ್ಟುಕೊಂಡು ಕೂಗುತ್ತಾ ಓಡಿ ಬಂದ.

"ನಿಲ್ಸಿ ಸೋಮಿ, ನಿಲ್ಸಿ! ಬೇರೆಯೋರ್ನೆಲ್ಲ ಮೊದ್ಲು ಇಳ್ಸಿ, ಇವ್ನನ್ನ ಕಡೇಗೆ. ಅದ್ಕೂ ಮುಂಚೆ ನಾನು ಮನೇಗೆ ಕುಡಿಯೋ ನೀರು ತುಂಬ್ಕಂತೀನಿ!"